ದಪ್ಪ ಅಕ್ಷರ

ಕೆಲವರು ಒಮ್ಮೆ ಕಂಡ ಮುಖವನ್ನು ಎಂದೂ ಮರೆಯುವುದಿಲ್ಲ. ಕೆಲವರು ಒಮ್ಮೆ ಕೇಳಿದ ಧ್ವನಿಯನ್ನು ಇಪ್ಪತ್ತು ವರ್ಷಗಳ ಮೇಲೂ ಗುರುತಿಸಬಲ್ಲರು. ನನಗೆ ಈ ಎರಡು ಶಕ್ತಿಗಳೂ ಒಲಿದಿಲ್ಲ. ಬೀದಿಯಲ್ಲಿ ಎದುರಾಗಿ, "ನಮಸ್ಕಾರ, ಸಾರ್" ಎಂದು ಕೈಮುಗಿಯುವ ಹಳೆಯ ಶಿಷ್ಯನ ಹೆಸರು ನೆನಪಾಗದೆ ನಾನು ಎಷ್ಟೋ ಸಲ ಪೇಚಾಡಿದ್ದೇನೆ. ಆದರೆ ಅಕ್ಷರಗಳ ಮುಖವನ್ನು ಮಾತ್ರ ನಾನು ಮರೆತವನಲ್ಲ. ಯಾವುದೋ ಹಳೆಯ ರಸೀದಿ, ಯಾವುದೋ ಮಾಸಿದ ಕರಪತ್ರ ಕೈಗೆ ಸಿಕ್ಕರೆ, ಅದರಲ್ಲಿ ಏನು ಬರೆದಿದೆ ಎಂದು ಓದುವುದಕ್ಕೆ ಮೊದಲು, ಅದರ ಅಕ್ಷರ ಹೇಗಿದೆ ಎಂದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಅಕ್ಷರಕ್ಕೂ ಒಂದು ಮುಖವುಂಟೆ ಎಂದು ನೀವು ಕೇಳಬಹುದು. ಖಂಡಿತವಾಗಿಯೂ ಉಂಟು. ಒಂದೇ ಅಕ್ಷರ ಒಂದು ಪುಸ್ತಕದಲ್ಲಿ ತೆಳ್ಳಗೆ ಬಳುಕುತ್ತ ನಿಂತಿರುತ್ತದೆ. ಇನ್ನೊಂದರಲ್ಲಿ ಎದೆ ಸೆಟೆದು, ಕಾಲು ಅಗಲಿಸಿ, ಊರಿನ ಪಟೇಲನಂತೆ ನಿಂತಿರುತ್ತದೆ. ನಾವು ಓದುವಾಗ ಅಕ್ಷರವನ್ನು ನೋಡುವುದೇ ಇಲ್ಲ. ಕಿಟಕಿಯ ಗಾಜಿನ ಮೂಲಕ ಹೊರಗಿನ ಮರವನ್ನು ನೋಡುವವನು ಗಾಜನ್ನು ಗಮನಿಸದಿರುವಂತೆ, ಅಕ್ಷರದ ಮೂಲಕ ಅರ್ಥವನ್ನು ನೋಡಿ ಮುಂದೆ ಹೋಗುತ್ತೇವೆ. ಗಾಜು ಒಡೆದಾಗ ಮಾತ್ರ ಅದು ಅಲ್ಲಿತ್ತು ಎಂಬುದು ನೆನಪಾಗುತ್ತದೆ. ನನ್ನ ಬಾಳಿನಲ್ಲಿ ಅಂಥ ಒಂದು ಗಾಜು ಒಡೆಯಿತು, ಒಡೆದವನು ನಾನೇ. ಆ ಕಥೆಯನ್ನು ಹೇಳದೆ ನನ್ನ ಅಕ್ಷರಪ್ರೀತಿಯ ಕಥೆಯನ್ನು ಹೇಳುವಂತಿಲ್ಲ.

ಇದು 1974ರ ಮಾತು. ನಾನಾಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆ. ತುಮಕೂರು ಜಿಲ್ಲೆಯ ನಮ್ಮ ಪುಟ್ಟ ಊರಿನಲ್ಲಿ ಒಂದೇ ಒಂದು ಮುದ್ರಣಾಲಯವಿದ್ದಿತು. ಮದುವೆಯ ಲಗ್ನಪತ್ರಿಕೆ, ಅಂಗಡಿಯ ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾಗದ, ನಮ್ಮ ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅಲ್ಲಿಯೇ ಅಚ್ಚಾಗಬೇಕು. ಶಾಲೆಯಿಂದ ನಮ್ಮ ಮನೆಗೆ ಹೋಗುವ ದಾರಿಯಲ್ಲಿಯೇ ಅದು ಇದ್ದುದರಿಂದ ಸಂಜೆ ಅಲ್ಲಿ ಅರ್ಧ ಗಂಟೆ ನಿಲ್ಲದೆ ನಾನು ಮುಂದೆ ಹೋದವನಲ್ಲ. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದ ಲಯಬದ್ಧವಾದ ಸದ್ದು, ಸೀಮೆಎಣ್ಣೆ ಮತ್ತು ಮಸಿ ಬೆರೆತ ವಾಸನೆ ಇವು ನನ್ನನ್ನು ಬಾಗಿಲಿನಿಂದಲೇ ಎಳೆಯುತ್ತಿದ್ದುವು.

ಅಲ್ಲಿ ಮೊಳೆ ಜೋಡಿಸುತ್ತಿದ್ದವರು ಒಬ್ಬ ವೃದ್ಧರು. ನಾವು ಹುಡುಗರೆಲ್ಲ ಅವರನ್ನು 'ಮಾಮ' ಎಂದೇ ಕರೆಯುತ್ತಿದ್ದೆವು. ಅವರ ಎದುರಿಗೆ ನೂರಾರು ಚಿಕ್ಕ ಚಿಕ್ಕ ಮನೆಗಳುಳ್ಳ ಮರದ ಕೇಸುಗಳು ಇಳಿಜಾರಾಗಿ ನಿಂತಿರುತ್ತಿದ್ದುವು. ಕನ್ನಡದ ಮೂಲಾಕ್ಷರಗಳಿಗೆ, ಗುಣಿತಗಳಿಗೆ, ಒತ್ತಕ್ಷರಗಳಿಗೆ ಒಂದೊಂದು ಮನೆ. ಮಾಮ ಎಡಗೈಯಲ್ಲಿ ಸ್ಟಿಕ್ಕನ್ನು ಹಿಡಿದು, ಕಣ್ಣನ್ನು ಕಾಗದದ ಮೇಲಿಟ್ಟು, ಬಲಗೈಯಿಂದ ಮೊಳೆಗಳನ್ನು ಆಯುತ್ತಿದ್ದರು. ಕೋಳಿ ಕಾಳು ಹೆಕ್ಕುವಂತೆ ಅವರ ಬೆರಳುಗಳು ಆ ಮನೆಯಿಂದ ಈ ಮನೆಗೆ ಹಾರುತ್ತಿದ್ದುವು. ಪ್ರತಿಯೊಂದು ಮೊಳೆಯ ಮೈಮೇಲೂ ಒಂದು ಕಚ್ಚು ಇರುತ್ತದೆ. ಹೆಬ್ಬೆರಳು ಆ ಕಚ್ಚನ್ನು ಸೋಕಿದೊಡನೆಯೇ ಮೊಳೆ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂಬುದು ಗೊತ್ತಾಗಿಬಿಡುತ್ತದೆ. ನೋಡಬೇಕಾದ ಅಗತ್ಯವೇ ಇಲ್ಲ. ಸೀಸ, ಆಂಟಿಮೊನಿ, ತವರ ಈ ಮೂರು ಲೋಹಗಳನ್ನು ಬೆರೆಸಿ ಎರಕ ಹೊಯ್ದ ಆ ಪುಟ್ಟ ಕಂಬಗಳ ನೆತ್ತಿಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳು ಕುಳಿತಿರುತ್ತಿದ್ದುವು.

ಗೋಡೆಯ ಪಕ್ಕದಲ್ಲಿ ಬೇರೆಯಾಗಿ ಒಂದು ಸಣ್ಣ ಕೇಸು ಇದ್ದಿತು. ಅದರಲ್ಲಿ ಶಿರೋನಾಮೆಗಳಿಗೆಂದು ಇಟ್ಟಿದ್ದ ಇಂಗ್ಲಿಷಿನ ದೊಡ್ಡ ದಪ್ಪ ಅಕ್ಷರಗಳಿದ್ದುವು. ಒಂದೊಂದೂ ಅರ್ಧ ಅಂಗುಲ ಎತ್ತರ. ನನ್ನ ಮನಸ್ಸನ್ನು ಸೆರೆಹಿಡಿದವು ಇವೇ. ಅವುಗಳ ಕಂಬಗಳು ದಪ್ಪ. ಅಡ್ಡಗೆರೆಗಳು ಕೊಂಚ ಮಾತ್ರ ಸಣ್ಣ. ಪ್ರತಿ ಕಂಬದ ತಲೆಯಲ್ಲಿಯೂ ಬುಡದಲ್ಲಿಯೂ ಗಟ್ಟಿಯಾದ ಒಂದು ಅಡ್ಡಪಟ್ಟಿ. ಇದನ್ನು ಇಂಗ್ಲಿಷಿನವರು ಸೆರಿಫ್ ಎನ್ನುತ್ತಾರೆ. ನಾವು ಅಕ್ಷರದ ಪಾದ ಎನ್ನಬಹುದು. ಈ ಪಾದ ಕಂಬಕ್ಕೆ ಮೊಳೆ ಹೊಡೆದಂತೆ ಥಟ್ಟನೆ ಅಂಟಿಕೊಂಡಿರಲಿಲ್ಲ. ಮರದ ಬುಡ ನೆಲವನ್ನು ಸೇರುವಲ್ಲಿ ಅಗಲವಾಗಿ ಹರಡಿಕೊಳ್ಳುವಂತೆ, ಕಂಬ ಮೃದುವಾಗಿ ಬಾಗಿ ಪಾದದೊಳಕ್ಕೆ ಇಳಿದಿತ್ತು. 'ಆರ್' ಎಂಬ ಅಕ್ಷರದ ಬಲಗಾಲು ನೆಲ ಮುಟ್ಟಿ ಮತ್ತೆ ಬೆಕ್ಕಿನ ಬಾಲದಂತೆ ಮೇಲಕ್ಕೆ ಸುರುಳಿಗೊಂಡಿತ್ತು. ಚಿಕ್ಕ 'ಎ', 'ಸಿ', 'ಎಫ್' ಇವುಗಳ ತುದಿಯಲ್ಲಿ ಮೆಣಸಿನ ಕಾಳಿನಂಥ ಒಂದೊಂದು ಗುಂಡು. ಅಷ್ಟು ದಪ್ಪವಾಗಿದ್ದರೂ ಅವು ಒರಟಾಗಿರಲಿಲ್ಲ. ಅಷ್ಟು ಗಂಭೀರವಾಗಿದ್ದರೂ ಬಿಗುಮಾನದಿಂದಿರಲಿಲ್ಲ.

ಒಂದು ದಿನ ನಾನು ಮಾಮನನ್ನು ಕೇಳಿದೆ: "ಇಷ್ಟು ಚೆನ್ನಾಗಿರುವ ಅಕ್ಷರಗಳನ್ನು ಮೂಲೆಯಲ್ಲಿ ಏಕೆ ಇಟ್ಟಿದ್ದೀರಿ, ಮಾಮ? ಎಲ್ಲವನ್ನೂ ಇದರಲ್ಲಿಯೇ ಅಚ್ಚುಹಾಕಬಾರದೆ?"

ಮಾಮ ನಕ್ಕರು. "ಊಟದ ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಾರೆ. ರುಚಿಯಾಗಿದೆಯೆಂದು ಎಲೆಯ ತುಂಬ ಅದನ್ನೇ ಬಡಿಸಿದರೆ ಉಣ್ಣುತ್ತೀಯಾ, ಮಗು?" ಎಂದರು. ಆಮೇಲೆ 'ಎಸ್' ಅಕ್ಷರದ ಒಂದು ಮೊಳೆಯನ್ನು ಎತ್ತಿ, ಮಸಿ ತಾಗಿಸಿ, ಹಾಳು ಕಾಗದದ ಮೇಲೆ ಎರಡು ಸಲ ಒತ್ತಿ ತೋರಿಸಿದರು. "ಇದರಲ್ಲಿ ಯಾವುದು ನೇರ, ಯಾವುದು ತಲೆಕೆಳಗು, ಹೇಳು." ನನಗೆ ಎರಡೂ ಒಂದೇ ಆಗಿ ಕಂಡವು. "ಸರಿಯಾಗಿ ನೋಡು. ಕೆಳಗಿನ ಹೊಟ್ಟೆ ದೊಡ್ಡದು, ಮೇಲಿನದು ಚಿಕ್ಕದು. ತಿರುಗಿಸಿದರೆ ಮೇಲೆ ಭಾರವಾಗಿ, ಇನ್ನೇನು ಬೀಳುತ್ತದೆ ಎನ್ನಿಸುತ್ತದೆ." ನೋಡಿದೆ, ಹೌದು. ಅಂದಿನವರೆಗೆ ನಾನು ಆ ಅಕ್ಷರವನ್ನು ಸಾವಿರಾರು ಸಲ ಓದಿದ್ದೆ, ಒಮ್ಮೆಯೂ ನೋಡಿರಲಿಲ್ಲ.

'ಎಸ್' ನನ್ನ ಹೆಸರಿನ ಮೊದಲಕ್ಷರ. ಆ ರಾತ್ರಿಯೆಲ್ಲ ಅದು ನನ್ನ ಕಣ್ಣ ಮುಂದೆಯೇ ನಿಂತಿದ್ದಿತು. ಅದೊಂದು ಮೊಳೆ ನನ್ನಲ್ಲಿದ್ದರೆ ನನ್ನ ಪುಸ್ತಕಗಳ ಮೇಲೆಲ್ಲ ಮುದ್ರೆ ಒತ್ತಿಕೊಳ್ಳಬಹುದಲ್ಲ! ಕೇಸಿನ ಆ ಮನೆಯಲ್ಲಿ ಮೂರು ಮೊಳೆಗಳಿದ್ದುದನ್ನು ನಾನು ಕಂಡಿದ್ದೆ. ಮೂರರಲ್ಲಿ ಒಂದು ಹೋದರೆ ಯಾರಿಗೆ ಏನು ನಷ್ಟ? ಮಾರನೆಯ ಸಂಜೆ ಮಾಮ ನೀರು ಕುಡಿಯಲು ಹಿತ್ತಿಲಿಗೆ ಹೋದಾಗ ನನ್ನ ಕೈ ಆ ಮನೆಯೊಳಕ್ಕೆ ಹೋಗಿ, ಹೊರಕ್ಕೆ ಬಂದು, ನನ್ನ ಚಡ್ಡಿಯ ಜೇಬನ್ನು ಸೇರಿತು. ಅದು ಇಷ್ಟು ಸುಲಭವೆಂದು ನಾನು ಎಣಿಸಿರಲಿಲ್ಲ. ಮನೆಗೆ ಹೋಗಿ ಭೂಗೋಳ ಪುಸ್ತಕದ ಒಳಪುಟದಲ್ಲಿ ಒತ್ತಿ ನೋಡಿದೆ. ಗುರುತು ಮಸುಕಾಗಿ ಮೂಡಿತು. ಆದರೂ ನನಗೆ ಹಿಗ್ಗು.

ಆ ಹಿಗ್ಗು ಎರಡು ದಿನವೂ ಉಳಿಯಲಿಲ್ಲ. ನಮ್ಮ ಶಾಲೆಯ ಕ್ರೀಡಾಕೂಟದ ಪ್ರಶಸ್ತಿಪತ್ರಗಳು ಅಲ್ಲಿ ಅಚ್ಚಾಗಬೇಕಾಗಿದ್ದುವು. ಪ್ರಶಸ್ತಿಪತ್ರದ ಶಿರೋನಾಮೆ ಇಂಗ್ಲಿಷಿನಲ್ಲಿದ್ದರೇ ಗೌರವ ಎಂಬ ಭಾವನೆ ಆಗ ಇದ್ದಿತು. 'ಸ್ಕೂಲ್ ಸ್ಪೋರ್ಟ್ಸ್' ಎಂಬುದೇ ಆ ಶಿರೋನಾಮೆ. ಅದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. 'ಎಸ್' ಎಷ್ಟು ಬೇಕೆಂದು ಎಣಿಸಿ. ಸರಿಯಾಗಿ ಮೂರು.

ನಾನು ಸಂಜೆ ಹೋದಾಗ ಮುದ್ರಣಾಲಯದಲ್ಲಿ ಯಂತ್ರದ ಸದ್ದಿರಲಿಲ್ಲ. ಮಾಮ ಕೇಸುಗಳನ್ನು ಒಂದೊಂದಾಗಿ ಎಳೆದು ಹುಡುಕುತ್ತಿದ್ದರು. ಯಜಮಾನರು ಸಿಟ್ಟಿನಿಂದ ಕೆಂಪಾಗಿದ್ದರು. ಸೀಸವನ್ನು ಕದ್ದು ಗುಜರಿಯವರಿಗೆ ಮಾರುವುದು ಆಗ ಅಪರೂಪವೇನಲ್ಲ. ಕೆಲವು ದಿನಗಳಿಂದ ಸಣ್ಣ ಮೊಳೆಗಳೂ ಕಡಿಮೆಯಾಗುತ್ತಿವೆ ಎಂಬ ಗುಮಾನಿ ಅವರಿಗೆ ಇದ್ದಿತಂತೆ. ಅಲ್ಲಿ ಕೆಲಸ ಕಲಿಯಲು ಬರುತ್ತಿದ್ದ ಹದಿನಾರು ವರ್ಷದ ಹುಡುಗನೊಬ್ಬ ಗೋಡೆಗೆ ಒರಗಿ ನಿಂತಿದ್ದ. ತಂದೆಯಿಲ್ಲದ ಹುಡುಗ. ಯಂತ್ರ ಒರೆಸುವುದು, ಕಾಗದ ಎಣಿಸುವುದು, ಮೊಳೆಗಳನ್ನು ತೊಳೆದು ಮತ್ತೆ ಕೇಸಿಗೆ ತುಂಬುವುದು ಅವನ ಕೆಲಸ. ಮೊಳೆಗಳನ್ನು ಕೇಸಿಗೆ ತುಂಬುವವನು ಅವನೇ ಆದ್ದರಿಂದ ಕದ್ದವನೂ ಅವನೇ ಇರಬೇಕೆಂದು ಯಜಮಾನರು ತೀರ್ಮಾನಿಸಿದ್ದರು. ನನ್ನ ಎದುರಿಗೇ ಅವನ ಜೇಬುಗಳನ್ನು ತಡಕಿ ನೋಡಿದರು. ಏನೂ ಸಿಗಲಿಲ್ಲ. "ನಾಳೆಯಿಂದ ಬರಬೇಡ" ಎಂದರು. ಅವನು ಮಾತಾಡಲಿಲ್ಲ, ಮಸಿ ಮೆತ್ತಿದ ಕೈಗಳನ್ನು ಅಂಗಿಗೆ ಒರೆಸಿಕೊಂಡು ಹೊರಟುಹೋದ. ನನ್ನ ಬಾಯಿಂದಲೂ ಮಾತು ಹೊರಡಲಿಲ್ಲ. ಆ ಹೊತ್ತಿಗೆ ಮೊಳೆ ನನ್ನ ಜೇಬಿನಲ್ಲಿಯೇ ಇದ್ದಿತು.

ಪ್ರಶಸ್ತಿಪತ್ರ ನಿಲ್ಲುವಂತಿರಲಿಲ್ಲ. ಮಾಮ ಬೇರೆ ವಿಧಿಯಿಲ್ಲದೆ ಇನ್ನೊಂದು ಕೇಸಿನಿಂದ ಅಷ್ಟೇ ಎತ್ತರದ, ಆದರೆ ಪಾದಗಳಿಲ್ಲದ ತೆಳುವಾದ 'ಎಸ್' ಒಂದನ್ನು ತೆಗೆದು ಕೊನೆಗೆ ಸೇರಿಸಿದರು. ಕ್ರೀಡಾಕೂಟ ಮುಗಿಯಿತು. ಓಟದಲ್ಲಿ ಎರಡನೆಯವನಾಗಿ ಬಂದ ನನ್ನ ಗೆಳೆಯ ತನ್ನ ಪ್ರಶಸ್ತಿಪತ್ರವನ್ನು ನನಗೆ ತೋರಿಸುತ್ತ, "ಈ ಕೊನೆಯ ಅಕ್ಷರ ಏಕೋ ಹೀಗಿದೆಯಲ್ಲ, ಜ್ವರ ಬಂದವನ ಹಾಗೆ!" ಎಂದು ನಕ್ಕ. ಸಾಲಾಗಿ ನಿಂತ ಗಟ್ಟಿಮುಟ್ಟಾದ ಅಕ್ಷರಗಳ ತುದಿಯಲ್ಲಿ ಆ ಬಡಕಲು ಅಕ್ಷರ ನಿಜವಾಗಿಯೂ ಹಾಗೆಯೇ ಕಾಣುತ್ತಿತ್ತು. ನಾನು ನಗಲಾರದೆ ಹೋದೆ. ಅದರಲ್ಲಿ ನನಗೆ ಕಂಡದ್ದು ಗೋಡೆಗೆ ಒರಗಿ ನಿಂತಿದ್ದ ಆ ಹುಡುಗನ ಮುಖ.

ಎಂಟು ದಿನ ಕಳೆದುವು. ಒಂಬತ್ತನೆಯ ದಿನ ನಾನು ಮಾಮನ ಮುಂದೆ ನಿಂತು ಮುಷ್ಟಿ ಬಿಚ್ಚಿದೆ. "ಇದನ್ನು ತೆಗೆದವನು ನಾನು, ಮಾಮ" ಎಂದೆ.

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮೊಳೆಯನ್ನು ತೆಗೆದುಕೊಂಡು, ಪಂಚೆಯ ಅಂಚಿನಿಂದ ಒರೆಸಿ, ಹೆಬ್ಬೆರಳಿನಿಂದ ಅದರ ಕಚ್ಚನ್ನು ಸವರಿ, ಕೇಸಿನ ಮನೆಯೊಳಗೆ ಇಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಅಕ್ಷರ ಮನೆಗೆ ಬಂತು. ಹುಡುಗ ಬರಬೇಕಲ್ಲ, ಮಗು."

"ಯಜಮಾನರಿಗೆ ನೀವೇ ಹೇಳಿಬಿಡಿ, ಮಾಮ" ಎಂದು ನಾನು ಅಳುತ್ತ ಬೇಡಿದೆ.

"ನಾನು ಹೇಳಿದರೆ ಅದು ನನ್ನ ಮಾತಾಗುತ್ತದೆ. ತಪ್ಪು ನಿನ್ನದು, ಮಾತೂ ನಿನ್ನದೇ ಆಗಬೇಕು."

ಹೇಳಿದೆ. ಯಜಮಾನರು ನನ್ನನ್ನು ಹೊಡೆಯುತ್ತಾರೆಂದು ತಿಳಿದಿದ್ದೆ. ಅವರು ಹೊಡೆಯಲಿಲ್ಲ. ಅವರ ಮುಖ ಸಣ್ಣದಾಯಿತು. ಹೆಗಲ ಮೇಲೆ ವಲ್ಲಿ ಹಾಕಿಕೊಂಡು, "ನಡೆ" ಎಂದು ನನ್ನನ್ನೂ ಕರೆದುಕೊಂಡು ಊರ ತುದಿಯಲ್ಲಿದ್ದ ಆ ಹುಡುಗನ ಮನೆಗೆ ಹೋದರು. ಅವನ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಯಜಮಾನರು ಆಕೆಯ ಎದುರಿಗೆ, "ತಪ್ಪಾಯಿತಮ್ಮ, ಹುಡುಗನನ್ನು ನಾಳೆ ಕಳುಹಿಸಿ" ಎಂದರು. ನಾನೂ, "ತಪ್ಪಾಯಿತು" ಎಂದೆ. ಹುಡುಗ ಬಾಗಿಲ ಬಳಿಯಲ್ಲಿಯೇ ನಿಂತಿದ್ದ. ನನ್ನನ್ನು ನೋಡಲಿಲ್ಲ.

ಮರುದಿನ ಅವನು ಕೆಲಸಕ್ಕೆ ಬಂದ. ಆದರೆ ಸಂಜೆ ಮನೆಗೆ ಹೊರಡುವ ಮುನ್ನ ಯಜಮಾನರ ಮೇಜಿನ ಎದುರಿಗೆ ನಿಂತು, ಯಾರೂ ಕೇಳದಿದ್ದರೂ, ತನ್ನ ಎರಡು ಜೇಬುಗಳನ್ನೂ ಹೊರಕ್ಕೆ ಎಳೆದು ತೋರಿಸಿದ. "ಬೇಡಪ್ಪ, ಬೇಡ" ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಅವನು ಅಲ್ಲಿ ಇದ್ದಷ್ಟು ಕಾಲವೂ ದಿನಾ ಸಂಜೆ ಹಾಗೆ ಮಾಡಿಯೇ ಹೋಗುತ್ತಿದ್ದ. ನನ್ನ ತಪ್ಪಿಗೆ ಯಾರೂ ನನ್ನನ್ನು ಶಿಕ್ಷಿಸಲಿಲ್ಲ ಎಂದು ಹೇಳಿದೆನಲ್ಲವೆ? ಅದು ಪೂರ್ತಿ ನಿಜವಲ್ಲ. ಆ ಖಾಲಿ ಜೇಬುಗಳನ್ನು ನಾನು ದಿನವೂ ನೋಡಬೇಕಾಗಿದ್ದಿತು.

ಆ ಅಕ್ಷರದ ಹೆಸರು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕನ್ನಡ ಎಂ.ಎ. ಓದುತ್ತಿದ್ದಾಗ. ಗ್ರಂಥಾಲಯದಲ್ಲಿ ಮುದ್ರಣಕಲೆಯ ಒಂದು ಪುಸ್ತಕವನ್ನು ತಿರುವಿಹಾಕುತ್ತಿದ್ದೆ. ಒಂದು ಪುಟದಲ್ಲಿ ಬೆಕ್ಕಿನ ಬಾಲದ 'ಆರ್', ಮೆಣಸಿನ ಕಾಳಿನ 'ಎ', ಅಗಲವಾದ ಪಾದಗಳ ಕಂಬಗಳು ಎಲ್ಲವೂ ಹಾಗೆಯೇ ನಿಂತಿದ್ದುವು. ಅದರ ಹೆಸರು ಕ್ಲಾರೆಂಡನ್. ನಮ್ಮೂರಿನ ಕೇಸಿನಲ್ಲಿದ್ದುದು ಆ ಮನೆತನದ ದೂರದ ಒಂದು ಕುಡಿ.

ಕ್ಲಾರೆಂಡನ್ ಹುಟ್ಟಿದ್ದು ಲಂಡನ್ ನಗರದಲ್ಲಿ, 1845ರಲ್ಲಿ. ಅಲ್ಲಿಯ ಫ್ಯಾನ್ ಸ್ಟ್ರೀಟ್ ಎಂಬ ಅಚ್ಚುಮೊಳೆಗಳ ಎರಕಶಾಲೆಯ ರಾಬರ್ಟ್ ಬೆಸ್ಲಿ ಅದನ್ನು ಹೊರತಂದನು. ಉಕ್ಕಿನ ಮೇಲೆ ಅದನ್ನು ಕೆತ್ತಿದ ಕುಶಲಕರ್ಮಿ ಬೆಂಜಮಿನ್ ಫಾಕ್ಸ್. ಆ ಕಾಲದಲ್ಲಿ ಒಂದು ಅಕ್ಷರವನ್ನು ಮಾಡುವುದೆಂದರೆ ಸಾಮಾನ್ಯವಾದ ಕೆಲಸವಲ್ಲ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಅರದಿಂದ ಉಜ್ಜಿ ಕೊರೆಯಬೇಕು. ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಅಚ್ಚು ಮೂಡಿಸಬೇಕು. ಆ ತಾಮ್ರದ ಅಚ್ಚಿನೊಳಕ್ಕೆ ಕರಗಿದ ಸೀಸವನ್ನು ಹೊಯ್ದು ಮೊಳೆಗಳನ್ನು ತೆಗೆಯಬೇಕು. ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಅಳತೆಗೂ ಇದೇ ದುಡಿಮೆ.

ಅದಕ್ಕಿಂತ ಮೊದಲು ದಪ್ಪ ಅಕ್ಷರಗಳಿರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗೋಡೆಗೆ ಅಂಟಿಸುವ ಜಾಹೀರಾತುಗಳಿಗೆಂದು ಮಹಾ ದಪ್ಪನೆಯ ಅಕ್ಷರಗಳು ಬಂದಿದ್ದುವು. ಅವುಗಳ ಕಂಬಗಳು ಆನೆಯ ಕಾಲುಗಳಂತೆ, ಅಡ್ಡಗೆರೆಗಳು ಕೂದಲಿನಂತೆ. ದೊಡ್ಡದಾಗಿ ಅಚ್ಚುಹಾಕಿದರೆ ಚೆಂದ. ಪುಸ್ತಕದ ಸಾಲಿನೊಳಗೆ ಚಿಕ್ಕದಾಗಿ ಕೂರಿಸಿದರೆ ಆ ಕೂದಲಿನ ಗೆರೆಗಳು ಮುರಿದುಹೋಗುತ್ತಿದ್ದುವು. ಆದ್ದರಿಂದ ಪುಸ್ತಕದ ಮಾತಿನ ನಡುವೆ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಓರೆಯಕ್ಷರವನ್ನೋ ದೊಡ್ಡಕ್ಷರವನ್ನೋ ಬಳಸುತ್ತಿದ್ದರು. ಕ್ಲಾರೆಂಡನ್ ಈ ಕೊರತೆಯನ್ನು ತುಂಬಿತು. ಅದರಲ್ಲಿ ದಪ್ಪಗೆರೆಗೂ ಸಣ್ಣಗೆರೆಗೂ ಇರುವ ಅಂತರ ಕಡಿಮೆ. ಹೀಗಾಗಿ ಒರಟು ಕಾಗದದ ಮೇಲೂ ಸವೆದ ಯಂತ್ರದಲ್ಲಿಯೂ ಅದು ಮುರಿಯದೆ ಮೂಡುತ್ತದೆ. ಸಾಮಾನ್ಯ ಅಕ್ಷರಗಳ ಸಾಲಿನಲ್ಲಿಯೇ, ಅವುಗಳ ಎತ್ತರವನ್ನು ಮೀರದೆ ನಿಂತು, ಬಣ್ಣದ ಗಾಢತೆಯಿಂದ ಮಾತ್ರ ತಾನು ಬೇರೆಯೆಂದು ತೋರಿಸಿಕೊಳ್ಳುತ್ತದೆ. ಕೂಗದೆಯೇ ಕೇಳಿಸುವ ಧ್ವನಿ ಅದರದು.

ಇನ್ನೊಂದು ಸಂಗತಿಯನ್ನು ಓದಿದಾಗ ನನ್ನ ಎದೆ ಝಲ್ಲೆಂದಿತು. ಇಂಗ್ಲೆಂಡಿನಲ್ಲಿ ಹೊಸ ವಿನ್ಯಾಸಗಳ ರಕ್ಷಣೆಗೆಂದು 1842ರಲ್ಲಿ ಆಗಿದ್ದ ಕಾಯಿದೆಯ ಆಶ್ರಯದಲ್ಲಿ ಬೆಸ್ಲಿ ತನ್ನ ಅಕ್ಷರವನ್ನು ನೋಂದಾಯಿಸಿದ್ದನು. ಆ ರಕ್ಷಣೆಯ ಅವಧಿ ಮೂರೇ ವರ್ಷ. ಅವಧಿ ತೀರಿದೊಡನೆಯೇ ಇತರ ಎರಕಶಾಲೆಗಳು ಅದೇ ರೂಪದ ಅಕ್ಷರಗಳನ್ನು ತಯಾರಿಸಿ ಮಾರತೊಡಗಿದುವು. ಅದು ಕಾನೂನಿನ ಕಣ್ಣಿಗೆ ಕಳ್ಳತನವಾಗಿರಲಿಲ್ಲ. ಆದರೂ, ಕಣ್ಣು ನೋಯಿಸಿಕೊಂಡು ಒಂದೊಂದು ತಿರುವನ್ನೂ ಕೆತ್ತಿದವನಿಗೆ ಏನೆನ್ನಿಸಿರಬಹುದು? ನಾನು ಸೀಸದ ಒಂದು ತುಂಡನ್ನು ಕದ್ದವನು. ಅವರು ಇಡೀ ಅಕ್ಷರಮಾಲೆಯ ರೂಪವನ್ನೇ ಎತ್ತಿಕೊಂಡು ಹೋದರು. ಬೆಸ್ಲಿಯ ಅದೃಷ್ಟ ದೊಡ್ಡದು; ಆತ ಮುಂದೆ 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದನು. ಆದರೆ ಕೆತ್ತಿದ ಫಾಕ್ಸನ ಹೆಸರನ್ನು ಬಲ್ಲವರು ಇಂದು ಎಷ್ಟು ಮಂದಿ?

ದಪ್ಪ ಅಕ್ಷರದ ನಿಜವಾದ ಉಪಯೋಗವನ್ನು ಕಾಣಬೇಕಾದರೆ ನಿಘಂಟನ್ನು ತೆರೆಯಬೇಕು. ಆಕ್ಸ್‌ಫರ್ಡಿನ ಮಹಾ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ನಮ್ಮಂತೆಯೇ ಶಾಲಾ ಉಪಾಧ್ಯಾಯನಾಗಿದ್ದವನು. ಶಾಲೆಯಲ್ಲಿ ಪಾಠ ಹೇಳುತ್ತಲೇ 1879ರಲ್ಲಿ ಆ ಹೊಣೆಯನ್ನು ಹೊತ್ತನು. ತಗಡಿನ ಒಂದು ಕೊಟ್ಟಿಗೆಯಲ್ಲಿ ಲಕ್ಷಾಂತರ ಚೀಟಿಗಳ ನಡುವೆ ಕುಳಿತು ದುಡಿದನು. ನಿಘಂಟಿನ ಮೊದಲ ಸಂಚಿಕೆ 1884ರಲ್ಲಿ ಹೊರಬಂದಿತು. ನಾಲ್ಕು ಲಕ್ಷಕ್ಕೂ ಮಿಕ್ಕ ಪದಗಳ ಆ ಕೆಲಸ ಮುಗಿದದ್ದು 1928ರಲ್ಲಿ. ಅದನ್ನು ಕಾಣಲು ಮರ್ರೆ ಇರಲಿಲ್ಲ. ಆತ 1915ರಲ್ಲಿಯೇ ತೀರಿಕೊಂಡಿದ್ದನು. ಆ ನಿಘಂಟಿನಲ್ಲಿ ಮುಖ್ಯಪದಗಳನ್ನು ಅಚ್ಚುಹಾಕಿದ್ದು ಕ್ಲಾರೆಂಡನ್ ಅಕ್ಷರದಲ್ಲಿ. ಪುಟದ ತುಂಬ ಇರುವೆಯ ಸಾಲಿನಂತೆ ಅರ್ಥ, ವ್ಯುತ್ಪತ್ತಿ, ಉದಾಹರಣೆಗಳು ಹರಿದಿದ್ದರೂ, ಬೇಕಾದ ಪದ ಮೈಲಿಗಲ್ಲಿನಂತೆ ಕಣ್ಣಿಗೆ ಬೀಳುತ್ತದೆ. ನಮ್ಮ ಕನ್ನಡ ನಿಘಂಟುಗಳನ್ನು ತೆರೆದರೂ ಇದೇ ಉಪಾಯವನ್ನು ಕಾಣುವಿರಿ. ಆ ಮೈಲಿಗಲ್ಲುಗಳಿಲ್ಲದಿದ್ದರೆ ನಿಘಂಟೆಂಬುದು ದಾರಿಯಿಲ್ಲದ ಕಾಡಾಗುತ್ತಿತ್ತು.

ಕಾಲ ಕಳೆದಂತೆ ಈ ಅಕ್ಷರ ಅನೇಕ ದೇಶಗಳನ್ನು ಸುತ್ತಿತು. ಅಮೆರಿಕದಲ್ಲಿ ಅದರ ಬಂಧುಗಳನ್ನು ಮರದಲ್ಲಿ ಕೊರೆದು ದೊಡ್ಡ ಭಿತ್ತಿಪತ್ರಗಳಿಗೆ ಬಳಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ದಾರಿಫಲಕಗಳಲ್ಲಿ ಅದು ಬಹುಕಾಲ ನಿಂತಿದ್ದಿತು. ಸ್ವಿಟ್ಜರ್ಲೆಂಡಿನಲ್ಲಿ 1953ರಲ್ಲಿ ಹರ್ಮನ್ ಐಡೆನ್‌ಬೆಂಟ್ಸ್ ಎಂಬ ಕಲಾವಿದನು ಅದಕ್ಕೆ ಹೊಸ ರೂಪ ಕೊಟ್ಟನು. ಇಂದು ಗಣಕಯಂತ್ರದಲ್ಲಿ ಅದನ್ನು ಯಾರು ಬೇಕಾದರೂ ಒಂದು ಗುಂಡಿ ಒತ್ತಿ ಪಡೆಯಬಹುದು. ಮೂರು 'ಎಸ್' ಮುಗಿದುಹೋಗುವುದೆಂಬ ಭಯವಿಲ್ಲ.

ನಮ್ಮ ಕನ್ನಡದ ಅಕ್ಷರಗಳಿಗೆ ಪಾದಗಳಿಲ್ಲ, ಬದಲಿಗೆ ತಲೆಕಟ್ಟುಗಳಿವೆ. ಗುಂಡನೆಯ ಮೈಯ ಮೇಲೆ ಆ ಪುಟ್ಟ ರೆಕ್ಕೆ ಅಕ್ಷರಕ್ಕೆ ಎಂಥ ಶೋಭೆಯನ್ನು ತಂದುಕೊಟ್ಟಿದೆ, ನೋಡಿ. ಕನ್ನಡವನ್ನು ದಪ್ಪ ಮಾಡುವುದು ಇಂಗ್ಲಿಷಿಗಿಂತ ಕಷ್ಟ. ಗೆರೆ ದಪ್ಪವಾದಂತೆ ಒಳಗಿನ ಬಯಲು ಕಿರಿದಾಗುತ್ತದೆ. 'ಣ', 'ಞ', 'ಖ' ಮುಂತಾದ ಅಕ್ಷರಗಳ ಒಳಗೆ ಮಸಿ ತುಂಬಿಕೊಂಡು ಕಣ್ಣು ಮುಚ್ಚಿದಂತಾಗುತ್ತದೆ. ಕೆಳಗೆ ಒತ್ತಕ್ಷರ ಬೇರೆ ಕೂರಬೇಕು. ಗೆರೆಯನ್ನು ದಪ್ಪ ಮಾಡಿಯೂ ಒಳಗಿನ ಬೆಳಕನ್ನು ಉಳಿಸುವುದು ಅಕ್ಷರ ರಚಿಸುವವನ ಜಾಣ್ಮೆ.

ಉಪಾಧ್ಯಾಯನಾಗಿದ್ದಾಗ ನನ್ನ ವಿದ್ಯಾರ್ಥಿಗಳು ಪಠ್ಯಪುಸ್ತಕದ ಪುಟಪುಟವನ್ನೂ ಕೆಂಪುಗೆರೆಗಳಿಂದ ತುಂಬಿಸಿರುವುದನ್ನು ಕಂಡಿದ್ದೇನೆ. "ಏಕಪ್ಪ ಹೀಗೆ?" ಎಂದು ಕೇಳಿದರೆ, "ಎಲ್ಲವೂ ಮುಖ್ಯ, ಸಾರ್" ಎನ್ನುತ್ತಿದ್ದರು. ಆಗ ಮಾಮನ ಉಪ್ಪಿನಕಾಯಿಯ ಮಾತನ್ನು ಅವರಿಗೂ ಹೇಳುತ್ತಿದ್ದೆ. ದಪ್ಪ ಅಕ್ಷರಕ್ಕೆ ಬಲ ಬರುವುದು ಅದರ ದಪ್ಪದಿಂದಲ್ಲ. ಸುತ್ತಲೂ ಸುಮ್ಮನೆ ನಿಂತಿರುವ ತೆಳುವಾದ ಅಕ್ಷರಗಳಿಂದ. ಅವುಗಳ ತಾಳ್ಮೆಯೇ ಇದರ ಗೌರವ. ಮಾತಿನಲ್ಲಿಯೂ ಹಾಗೆಯೇ. ಸದಾ ಕೂಗುವವನ ಕೂಗನ್ನು ಯಾರೂ ಕೇಳುವುದಿಲ್ಲ. ಮೆಲ್ಲಗೆ ಮಾತಾಡುವವನು ಒಮ್ಮೆ ಧ್ವನಿಯೆತ್ತಿದರೆ ಬೀದಿಯೇ ತಿರುಗಿ ನೋಡುತ್ತದೆ.

ಆಫ್‌ಸೆಟ್ ಮುದ್ರಣ ಊರೂರಿಗೂ ಬಂದ ಮೇಲೆ ನಮ್ಮೂರಿನ ಆ ಮುದ್ರಣಾಲಯ ಮುಚ್ಚಿತು. ಮಾಮ ಆ ವೇಳೆಗೆ ಇರಲಿಲ್ಲ. ಊರಿಗೆ ಹೋಗಿದ್ದ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೇಸುಗಳನ್ನು ಮಗುಚಿ, ಮೊಳೆಗಳನ್ನು ಗೋಣಿಚೀಲಗಳಿಗೆ ತುಂಬಿ, ತಕ್ಕಡಿಯಲ್ಲಿ ತೂಗುತ್ತಿದ್ದರು. ಎಷ್ಟೋ ಮದುವೆಗಳ, ಎಷ್ಟೋ ಸಾವುಗಳ ಸುದ್ದಿಯನ್ನು ಹೊತ್ತ ಅಕ್ಷರಗಳು ಅಂದು ಬರಿಯ ಸೀಸವಾಗಿದ್ದುವು. ಯಜಮಾನರ ಮಗ ನನ್ನನ್ನು ಗುರುತಿಸಿ, "ಮೇಷ್ಟ್ರೇ, ನೆನಪಿಗೆ ನಾಲ್ಕು ಮೊಳೆ ತೆಗೆದುಕೊಳ್ಳಿ" ಎಂದರು. ಆ ಸಣ್ಣ ಕೇಸು ಇನ್ನೂ ಗೋಡೆಯ ಪಕ್ಕದಲ್ಲಿಯೇ ಇದ್ದಿತು. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. "ಬೇಡಪ್ಪ, ನನ್ನಲ್ಲಿ ಒಂದು ಇದೆ" ಎಂದೆ.

ಸುಳ್ಳು ಹೇಳಲಿಲ್ಲ. ನನ್ನ ಹಳೆಯ ಭೂಗೋಳ ಪುಸ್ತಕದ ಒಳಪುಟದಲ್ಲಿ ಮಸುಕಾದ ಆ 'ಎಸ್' ಇಂದಿಗೂ ಇದೆ. ಎಷ್ಟೋ ವರ್ಷಗಳ ಮೇಲೆ ಒಮ್ಮೆ ಅದನ್ನು ತೆರೆದು ನೋಡಿದಾಗ ನಾನು ಅದನ್ನು ತಲೆಕೆಳಗಾಗಿ ಒತ್ತಿದ್ದೆ ಎಂಬುದು ತಿಳಿಯಿತು. ದೊಡ್ಡ ಹೊಟ್ಟೆ ಮೇಲಿದೆ, ಇನ್ನೇನು ಬೀಳುವಂತಿದೆ. ಕದ್ದ ಅವಸರದಲ್ಲಿ ಹೆಬ್ಬೆರಳಿಗೆ ಕಚ್ಚು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.